ನಕ್ಷೆಯೊಳಗಿನ ದಾವಣಗೆರೆಗೆ ಬಸ್ ಎಷ್ಟೊತ್ತಿಗೆ?

ದಾವಣಗೆರೆ ಒಂದಲ್ಲ, ಎರಡಿವೆ. ಒಂದರಲ್ಲಿ ನಾವು ನೀವು ಇದ್ದೇವೆ, ಬೆಣ್ಣೆ ದೋಸೆ ತಿನ್ನುತ್ತೇವೆ, ಏಪ್ರಿಲ್ ಬಿಸಿಲಿಗೆ ಬೇಯುತ್ತೇವೆ. ಇನ್ನೊಂದು ಇರುವುದು ಮನೆ ಕಟ್ಟೋಕೆ ಪಾಲಿಕೆಯಿಂದ ಮಂಜೂರಾದ ನಕ್ಷೆಗಳಲ್ಲಿ. ಆ ಊರು ಎಷ್ಟು ಚೆಂದ ಅಂತೀರಿ! ಪ್ರತಿ ಮನೆಗೂ ನಾಲ್ಕೂ ಕಡೆ ಗಾಳಿ ಬೆಳಕು, ಮುಂದೆ ಕಾರು ನಿಲ್ಲಿಸೋಕೆ ಜಾಗ, ಮೂಲೆಯಲ್ಲಿ ಇಂಗುಗುಂಡಿ, ಮೆಟ್ಟಿಲು ಮನೆಯೊಳಗೇ. ನಮ್ಮ ಊರಿನಲ್ಲಿ ನೋಡಿದರೆ ಮೆಟ್ಟಿಲು ಚರಂಡಿ ದಾಟಿ ರಸ್ತೆಗೇ ಇಳಿದಿರುತ್ತದೆ, ಎರಡು ಮನೆ ನಡುವೆ ಹಲ್ಲಿ ಕೂಡ ಉಸಿರು ಬಿಗಿಹಿಡಿದು ಹೋಗಬೇಕು. 2016ರಲ್ಲಿ ಮೊದಲ ಪಟ್ಟಿಯಲ್ಲೇ ನಮ್ಮನ್ನು ಸ್ಮಾರ್ಟ್ ಸಿಟಿ ಅಂತ ಆರಿಸಿದರಲ್ಲ, ಅವರು ನೋಡಿದ್ದು ಬಹುಶಃ ಆ ಎರಡನೇ ದಾವಣಗೆರೆಯನ್ನೇ.

ಹಳೇಪೇಟೆ ಕಡೆ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಮಗನ ಮದುವೆ ಗೊತ್ತಾಗಿದೆ, ಮೇಲೊಂದು ರೂಮು ಬೇಕು. ಸುಮ್ನೆ ಗಾರೆಯವನನ್ನು ಕರೆದು ಕಟ್ಟಿಸಿಬಿಟ್ಟಿದ್ದರೆ ಇಷ್ಟೊತ್ತಿಗೆ ಮೊಮ್ಮಗುವಿನ ನಾಮಕರಣವೂ ಮುಗಿದಿರುತ್ತಿತ್ತು. ಆದರೆ ಮೇಷ್ಟ್ರಿಗೆ ಒಂದು ಕೆಟ್ಟ ಚಟ. ಎಲ್ಲ ಕಾನೂನು ಪ್ರಕಾರ ಆಗಬೇಕು. ಕ್ರಯಪತ್ರ, ಇ-ಖಾತೆ, ಋಣಭಾರ ಪತ್ರ (ಇ.ಸಿ.), ತೆರಿಗೆ ರಸೀದಿ ಎಲ್ಲ ಜೋಡಿಸಿ, ಇದ್ದ ಮನೆಯನ್ನು ಇದ್ದ ಹಾಗೇ ಬರೆಸಿ ಪರವಾನಗಿಗೆ ಅರ್ಜಿ ಹಾಕಿಸಿದರು.

ಇದ್ದ ಹಾಗೇ ಬರೆಸಿದರು, ಅಲ್ವಾ? ಕೆಟ್ಟಿದ್ದು ಅಲ್ಲೇ.

ಅವರ ಮನೆ ಅಜ್ಜನ ಕಾಲದ್ದು. ಅಗಲ ಹದಿನೈದು ಅಡಿ. ಎಡಗೋಡೆ ಎಡಗಡೆಯವರಿಗೂ ಗೋಡೆ, ಬಲಗೋಡೆ ಬಲಗಡೆಯವರಿಗೂ ಗೋಡೆ. ಹಳೇ ಪೇಟೆಗಳೆಲ್ಲ ಬೆಳೆದಿದ್ದೇ ಹೀಗೆ. ಅಜ್ಜನಿಗೆ ಸೆಟ್‌ಬ್ಯಾಕ್ ಅಂದರೆ ಏನಂತ ಯಾರೂ ಹೇಳಿರಲಿಲ್ಲ. ಈಗ ಮೊಮ್ಮಗ ಮೇಲೆ ಕಟ್ಟಬೇಕಾದರೆ ಪಕ್ಕಕ್ಕೆ ಜಾಗ ಬಿಡಬೇಕಂತೆ. ಎರಡೂ ಕಡೆ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಒಂಬತ್ತು, ಅದರಲ್ಲಿ ಒಂಬತ್ತಿಂಚಿನ ಎರಡು ಗೋಡೆ ಕಳೆದರೆ ಏಳೂವರೆ. ಆ ರೂಮಿಗೆ ಡಬಲ್ ಕಾಟ್ ಅಡ್ಡ ಹಾಕಿದರೆ ಹೊಸ ಸೊಸೆ ಬಾಗಿಲಿನಿಂದ ನೇರ ಮಂಚಕ್ಕೇ ಜಿಗಿಯಬೇಕು. ಕೆಳಗಿನ ಗೋಡೆ ಬಿಟ್ಟು ಮೂರಡಿ ಒಳಗೆ ಎದ್ದ ಮೇಲಿನ ಗೋಡೆಯನ್ನು ಹೊರುವವರು ಯಾರು ಅಂತ ಮಾತ್ರ ಕೇಳಬೇಡಿ, ನಿಯಮಕ್ಕೆ ಭಾರ ಗೊತ್ತಿಲ್ಲ.

ತಡವಾದರೆ ಸರ್ಕಾರಿ ಕೆಲಸಕ್ಕೆ ಗಡುವು ಹಾಕುವ ಸಕಾಲ ಕಾಯ್ದೆ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಹೇಳಿದ ಗಡುವಿನೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಲೆಕ್ಕ ಹಾಕಿ ನೋಡಿ. ಇಪ್ಪತ್ತೈದು ದಿನಕ್ಕೆ ಐನೂರು ಮುಗಿಯಿತು. ಇಪ್ಪತ್ತಾರನೇ ದಿನದಿಂದ ತಡ ಮಾಡುವುದು ಪುಕ್ಕಟೆ!

ಇನ್ನು ಕೇಳದೇ ಕಟ್ಟಿದವರ ಪಾಡು ಏನು? 1976ರ ಪಾಲಿಕೆ ಕಾಯ್ದೆಯ 321ನೇ ಕಲಂ ಇದೆ, ಒಡೆಯಿರಿ ಅಂತ ನೋಟಿಸು ಕೊಡಬಹುದು. ಆದರೆ ಸರ್ಕಾರದ ಮನಸ್ಸು ಬೆಣ್ಣೆ. ಅವರಿಗಾಗಿಯೇ ಅಕ್ರಮ ಸಕ್ರಮ ಅಂತ ಮಾಡಿ 2014ರಲ್ಲಿ ನಿಯಮವನ್ನೂ ತಂದಿತು. ವಾಸದ ಮನೆ ಆದರೆ ಶೇ 50ರವರೆಗೆ ಉಲ್ಲಂಘನೆ ಇದ್ದರೂ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಿತ್ತು. ಅರ್ಧ ತಪ್ಪು ಮಾಡಿದರೂ ಪಾಸು! ನಮ್ಮ ಮೇಷ್ಟ್ರು ಕೂಡ ಮೂವತ್ತೈದಕ್ಕೇ ಪಾಸು ಮಾಡುತ್ತಿದ್ದರು ಬಿಡಿ, ಆದರೆ ಅದು ಸರಿ ಉತ್ತರಕ್ಕೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆ ಮಾತು ಬೇರೆ. ಅಕ್ರಮದವರಿಗೆ ಕಾಯುವುದಕ್ಕಾದರೂ ಒಂದು ಯೋಜನೆ ಇತ್ತು. ಕಟ್ಟುವ ಮೊದಲೇ ಕೇಳಲು ಹೋದ ಪೆದ್ದರಿಗೆ ಅದೂ ಇಲ್ಲ.

ತೆರಿಗೆ ವಿಷಯದಲ್ಲಿ ಮಾತ್ರ ಗೊಂದಲವೇ ಇಲ್ಲ. ನಕ್ಷೆಯಲ್ಲಿ ಏನೇ ಇರಲಿ, ತೆರಿಗೆ ನಿಂತಿರುವ ಮನೆಗೇ. ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ಸಕ್ರಮ ಆಗಲ್ಲ, ಅಷ್ಟೇ. ದುಡ್ಡು ಎಣಿಸುವಾಗ ನಮ್ಮ ದಾವಣಗೆರೆ, ಸಹಿ ಹಾಕುವಾಗ ಆ ದಾವಣಗೆರೆ.

ಕೊನೆಗೆ ಅರ್ಜಿ ವಾಪಸ್ ಬಂತು. ನಕ್ಷೆ ಬರೆಯುವ ಖಾಸಗಿ ಎಂಜಿನಿಯರ್ ಹುಡುಗ ಹಣೆ ಚಚ್ಚಿಕೊಂಡ. "ಮೊದ್ಲೇ ಹೇಳಿದ್ನಲ್ರೀ ಮೇಷ್ಟ್ರೇ, ಇದ್ದದ್ದು ಇದ್ದಂಗೆ ಬರದ್ರೆ ಯಾರು ಪಾಸ್ ಮಾಡ್ತಾರ್ರಿ?" ಅಂದವನೇ ಅಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದ. ಚಹಾ ಆರುವುದರೊಳಗೆ ಅಜ್ಜನ ಮನೆ ಎರಡೂ ಪಕ್ಕದ ಮನೆಗಳಿಂದ ದೂರ ಸರಿದು ನಿಂತಿತು. ಹಿಂದೆ ಹಿತ್ತಲು ಹುಟ್ಟಿತು, ಹಿತ್ತಲಲ್ಲಿ ಒಂದು ಮಾವಿನ ಗಿಡ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಅಲ್ಲಪ್ಪಾ, ಈ ಗಿಡ ನಾನು ಎಲ್ಲಿ ನೆಡಲಿ?"

"ನೀವ್ಯಾಕ್ ನೆಡ್ತೀರಿ? ಅದು ಕಂಪ್ಯೂಟರ್‌ನಾಗೇ ಬೆಳೀತೈತಿ. ಆ ಜಾಗ್ದಾಗೆ ನೀವು ಸೊಸಿಗೆ ಒಂದು ಬಚ್ಚಲ ಕಟ್ಟಿಸ್ರಿ."