ಹೈಟಿಯ ಹೊಸ ಕಲಾವಿದರಿಗೆ ಬೇರೆಯೇ ಗ್ಯಾಲರಿ ಬೇಕೇ?

ಹೈಟಿಯ ಕಲೆಗೆಂದೇ ಮೀಸಲಾದ ಗ್ಯಾಲರಿಗಳು ಆ ದೇಶದ ಒಳಗೂ ಹೊರಗೂ ಇವೆ. ಹೊಸದಾಗಿ ಕಣಕ್ಕಿಳಿಯುವ ಕಲಾವಿದರಿಗೆ ಇವುಗಳಿಂದ ಒಳಿತೋ ಕೆಡುಕೋ?

ಪರ: ಮೊದಲು ಗೋಡೆ ಸಿಗಲಿ

ಹೆಕ್ಟರ್ ಇಪೊಲಿತ್ ಹೈಟಿಯ ಜನಪದ ಧರ್ಮವಾದ ವೂಡೂವಿನ ಪೂಜಾರಿ. ಕೋಳಿಯ ಪುಕ್ಕವನ್ನೇ ಕುಂಚ ಮಾಡಿಕೊಂಡು ಚಿತ್ರ ಬರೆಯುತ್ತಿದ್ದ. ಒಂದು ಮದ್ಯದಂಗಡಿಯ ಬಾಗಿಲಿಗೆ ಆತ ಬಿಡಿಸಿದ್ದ ಹೂವು ಹಕ್ಕಿಗಳನ್ನು ಕಲೆಯೆಂದು ಯಾರೂ ಕರೆದಿರಲಿಲ್ಲ. 1944ರಲ್ಲಿ ಅಮೆರಿಕದ ಡಿವಿಟ್ ಪೀಟರ್ಸ್ ಹೈಟಿಯವರ ಜೊತೆ ಸೇರಿ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ‘ಸಾಂತ್ರ್ ದಾರ್’ ಎಂಬ ಕಲಾಕೇಂದ್ರ ತೆರೆದ ಮೇಲೆ ಇಪೊಲಿತ್‌ಗೆ ಬಣ್ಣವೂ ಸಿಕ್ಕಿತು, ಗೋಡೆಯೂ ಸಿಕ್ಕಿತು. ಫ್ರೆಂಚ್ ಕವಿ ಆಂದ್ರೆ ಬ್ರೆಟನ್ ಅಲ್ಲಿಗೆ ಬಂದು ಆತನ ಚಿತ್ರಗಳನ್ನು ಕೊಂಡ. 1948ರಲ್ಲಿ ಇಪೊಲಿತ್ ತೀರಿಕೊಂಡ. ಕೇಂದ್ರ ನಾಲ್ಕೈದು ವರ್ಷ ತಡವಾಗಿ ಹುಟ್ಟಿದ್ದರೆ ಈ ಹೆಸರು ಇಂದು ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ಕ್ರುವಾ-ದೆ-ಬುಕೆ ಪಟ್ಟಣದ ಕಮ್ಮಾರ ಜಾರ್ಜ್ ಲಿಯೊಟೊ ಸಮಾಧಿಗಳಿಗೆ ಕಬ್ಬಿಣದ ಶಿಲುಬೆ ಮಾಡಿಕೊಡುತ್ತಿದ್ದ. ಅವು ಪೀಟರ್ಸ್‌ನ ಕಣ್ಣಿಗೆ ಬಿದ್ದದ್ದೇ ತಡ, ಕಮ್ಮಾರ ಶಿಲ್ಪಿಯಾದ. ಖಾಲಿ ಎಣ್ಣೆ ಡ್ರಮ್ಮನ್ನು ಸುಟ್ಟು, ಬಡಿದು ಚಪ್ಪಟೆ ಮಾಡಿ, ಉಳಿಯಿಂದ ಮತ್ಸ್ಯಕನ್ಯೆಯರನ್ನೂ ದೇವತೆಗಳನ್ನೂ ಕೊರೆದು ತೆಗೆಯುವ ಕಸುಬುದಾರರ ಒಂದು ಪೀಳಿಗೆಯೇ ಅವನ ಹಿಂದೆ ಬೆಳೆಯಿತು.

ಇವತ್ತಿನ ಸ್ಥಿತಿ ನೋಡಿ. 2010ರ ಜನವರಿ 12ರ ಭೂಕಂಪದಲ್ಲಿ ಕೇಂದ್ರದ ಕಟ್ಟಡ ಬಿತ್ತು. ಹೋಲಿ ಟ್ರಿನಿಟಿ ಕೆಥೆಡ್ರಲ್‌ನ 14 ಭಿತ್ತಿಚಿತ್ರಗಳಲ್ಲಿ ಉಳಿದದ್ದು ಮೂರು. ರಾಜಧಾನಿಯ ಬಹುಭಾಗ ಈಗ ಬಂದೂಕು ಹಿಡಿದ ಗುಂಪುಗಳ ವಶದಲ್ಲಿದೆ. ಕ್ರುವಾ-ದೆ-ಬುಕೆಯ ಎಷ್ಟೋ ಕುಶಲಕರ್ಮಿಗಳು ಊರು ಬಿಟ್ಟಿದ್ದಾರೆ. 2024ರ ನವೆಂಬರ್‌ನಲ್ಲಿ ವಿಮಾನಗಳಿಗೇ ಗುಂಡು ತಗುಲಿ ಅಮೆರಿಕದ ವಿಮಾನಗಳು ರಾಜಧಾನಿಗೆ ಬರುವುದು ನಿಂತಿತು. ಕೊಳ್ಳುವವರು ಹೇಗೆ ಬರಬೇಕು? ಅತ್ತ ಕಲಾವಿದ ಹೋಗೋಣವೆಂದರೆ, 2025ರ ಜೂನ್‌ನಿಂದ ಹೈಟಿಯವರ ಪ್ರವೇಶಕ್ಕೆ ಅಮೆರಿಕ ನಿರ್ಬಂಧ ಹೇರಿದೆ. ಸುರುಳಿ ಸುತ್ತಿದ ಕ್ಯಾನ್ವಾಸ್ ಹೇಗೋ ಗಡಿ ದಾಟೀತು. ದಾಟಿ ಬಂದದ್ದನ್ನು ಬಿಚ್ಚಿ ತೂಗುಹಾಕಲು ಗುರುತು ಪರಿಚಯದವರು ಬೇಕಲ್ಲ.

ದೊಡ್ಡ ಗ್ಯಾಲರಿಗಳು ಹೊಸಬರನ್ನು ಕೇಳುವ ಮೊದಲ ಪ್ರಶ್ನೆ, ‘ಹಿಂದೆ ಎಲ್ಲಿ ಪ್ರದರ್ಶನ ಮಾಡಿದ್ದೀರಿ?’ ಹೈಟಿಯ ಗ್ಯಾಲರಿ ಆ ಪ್ರಶ್ನೆಗೆ ಒಂದು ಉತ್ತರವನ್ನಾದರೂ ಒದಗಿಸುತ್ತದೆ. ಅಲ್ಲದೆ ಕೆನ್ನೆಯ ಮೇಲೆ ಗಾಯದ ಗೆರೆಗಳಿರುವ, ಮಗುವನ್ನೆತ್ತಿಕೊಂಡ ಕಪ್ಪು ತಾಯಿಯನ್ನು ಕಂಡಾಗ ಇವಳು ವೂಡೂ ದೇವತೆ ಎರ್ಝುಲಿ ದಾಂತೋರ್ ಎಂದು ಗುರುತಿಸುವವರು ಅಲ್ಲಿರುತ್ತಾರೆ. ಬೇರೆಡೆ ಅವಳು ‘ತಾಯ್ತನದ ಸಂಕೇತ’ವಾಗಿ ಮುಗಿದುಹೋಗುತ್ತಾಳೆ.

ವಿರೋಧ: ನಾಮಫಲಕವೇ ಬೇಲಿ

ಸಾಂತ್ರ್ ದಾರ್‌ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. 1950ರಲ್ಲಿ ಕಲಾವಿದರ ಒಂದು ಗುಂಪು ಅಲ್ಲಿಂದ ಸಿಡಿದು ಹೊರಬಂದು ‘ಫೊಯೆ ದೆಸಾರ್ ಪ್ಲಾಸ್ತಿಕ್’ ಎಂಬ ತನ್ನದೇ ಕೂಟ ಕಟ್ಟಿಕೊಂಡಿತು. ವಿದೇಶಿ ಕೊಳ್ಳುಗರಿಗೆ ‘ಮುಗ್ಧ’, ‘ಆದಿಮ’ ಚಿತ್ರಗಳೇ ಬೇಕು, ಕೇಂದ್ರವೂ ಅವುಗಳಿಗೇ ಮಣೆ ಹಾಕುತ್ತದೆ, ಆಧುನಿಕ ಶೈಲಿಯವರನ್ನು ಕೇಳುವವರಿಲ್ಲ ಎಂಬುದು ಅವರ ತಕರಾರು. ಮುಂದೆ ಅವರ ಭಯ ನಿಜವಾಯಿತು. ಬುಟ್ಟಿ ಹೊತ್ತ ಸಂತೆಯ ಹೆಂಗಸರು, ಹಚ್ಚ ಹಸಿರು ಕಾಡು, ಅದರೊಳಗೊಂದು ಜಿರಾಫೆ (ಹೈಟಿಯಲ್ಲಿ ಜಿರಾಫೆ ಎಲ್ಲಿಂದ ಬರಬೇಕು!) ಪ್ರವಾಸಿಗರಿಗಾಗಿ ರಾಶಿ ರಾಶಿ ತಯಾರಾದವು. ಬಾಗಿಲ ಮೇಲೆ ‘ಹೈಟಿ’ ಎಂದು ಬರೆದ ಕೂಡಲೇ ಒಳಗೆ ಏನಿರಬೇಕೆಂಬುದನ್ನು ಗಿರಾಕಿ ನಿರ್ಧರಿಸಿಬಿಡುತ್ತಾನೆ. ಇಪ್ಪತ್ತೆರಡರ ಹುಡುಗಿಯೊಬ್ಬಳು ಅಲ್ಲಿಗೆ ವಿಡಿಯೊ ಕಲೆಯನ್ನೋ ಬರೀ ಬೂದು ಬಣ್ಣದ ಅಮೂರ್ತ ಚಿತ್ರವನ್ನೋ ತಂದರೆ, ‘ಚೆನ್ನಾಗಿದೆ, ಆದರೆ ಇದರಲ್ಲಿ ಹೈಟಿ ಎಲ್ಲಿದೆ?’ ಎಂದು ಕೇಳುತ್ತಾರೆ. ಪ್ಯಾರಿಸ್ಸಿನ ಹುಡುಗಿಯನ್ನು ಯಾರೂ ಹೀಗೆ ಕೇಳುವುದಿಲ್ಲ.

ಚಿತ್ರಕಾರ ಜಾನ್-ಮಿಶೆಲ್ ಬಾಸ್ಕಿಯಾನ ತಂದೆ ಹೈಟಿಯವರು. 2017ರಲ್ಲಿ ಅವನ ಒಂದು ಚಿತ್ರ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಮಾರುವಾಗ ಯಾರೂ ಅವನನ್ನು ‘ಹೈಟಿ ಕಲೆ’ಯ ಕಪಾಟಿನಲ್ಲಿ ಇಡಲಿಲ್ಲ. ಅವನು ನ್ಯೂಯಾರ್ಕಿನಲ್ಲಿ ಹುಟ್ಟಿದವನು ನಿಜ. ಹಾಗಿದ್ದರೆ ಮಿರ್ಲಾಂಡ್ ಕಾನ್‌ಸ್ಟಂಟ್‌ ಅವರನ್ನು ನೋಡಿ. ಮದುವೆ ಉಡುಪಿನ ಕಾರ್ಖಾನೆಯಲ್ಲಿ ಮಣಿ ಕೂರಿಸುವುದನ್ನು ಕಲಿತ ಈಕೆ ಅದೇ ಕೈಚಳಕದಲ್ಲಿ ವೂಡೂ ಧ್ವಜಗಳನ್ನು ಗೋಡೆಯಗಲದ ಚಿತ್ರಗಳನ್ನಾಗಿ ಬೆಳೆಸಿದರು. 2022ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದ ಮುಖ್ಯ ಪ್ರದರ್ಶನದಲ್ಲಿ ಲೋಕದ ಇತರ ಕಲಾವಿದರ ನಡುವೆಯೇ ಅವು ಇದ್ದವು. ಅದೇ ವರ್ಷ ಜರ್ಮನಿಯ ಡಾಕ್ಯುಮೆಂಟಾ ಕಲಾಮೇಳದಲ್ಲಿ, ಟೈರು, ಎಂಜಿನ್ ಭಾಗ, ಮನುಷ್ಯರ ತಲೆಬುರುಡೆಗಳಿಂದ ಶಿಲ್ಪ ಕಟ್ಟುವ ಹೈಟಿಯ ‘ಆತಿಸ್ ರೆಝಿಸ್ತಾನ್ಸ್’ ಗುಂಪಿಗೆ ಪ್ರದರ್ಶನಕ್ಕೆಂದು ಒಂದು ಚರ್ಚ್ ಸಿಕ್ಕಿತು. ಪ್ರವಾಸಿಗರ ಸೂಟ್‌ಕೇಸಿಗೆ ಹಿಡಿಸದ ಈ ಕಲೆಗೆ ದೇಶದ ಹೆಸರಿನ ಅಂಗಡಿ ಸಾಲದು.

ಬಂದೂಕು, ಭೂಕಂಪದ ಮಾತು ಸುಳ್ಳಲ್ಲ. ಆದರೆ ಅದರಿಂದ ಇನ್ನೊಂದು ಕೇಡೂ ಇದೆ: ಅನುಕಂಪದಿಂದ ಕೊಂಡವರು ಎರಡನೆಯ ಚಿತ್ರ ಕೊಳ್ಳಲು ಬರುವುದು ಅಪರೂಪ. ಹಣವಿರುವವರು ಅಲ್ಲಿನ ಕಲಾವಿದರ ಸ್ಟುಡಿಯೊ ಬಾಡಿಗೆ ಕಟ್ಟಲಿ, ಬಣ್ಣ ಕಳಿಸಲಿ, ಸಾಗಣೆಯ ಖರ್ಚು ಹೊರಲಿ. ಚಿತ್ರದ ಕೆಳಗಿನ ಚೀಟಿಯಲ್ಲಿ ಹುಟ್ಟೂರಿನ ಹೆಸರು ಇರಲಿ, ಚಿತ್ರ ಮಾತ್ರ ಡಕಾರ್‌ನವರ, ಬರ್ಲಿನ್‌ನವರ ಚಿತ್ರಗಳ ಪಕ್ಕದ ಮೊಳೆಗೇ ತೂಗಲಿ.