ಫೈವ್ ನೈನ್, ಹೆಸರು ಇನ್ನೊಮ್ಮೆ ಹೇಳಿ

ಪರವಾನಗಿ ಪಡೆದು ಸ್ವಂತ ರೇಡಿಯೊ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹವ್ಯಾಸಿಗಳಿಬ್ಬರು ಗಾಳಿಯಲ್ಲಿ ಭೇಟಿಯಾದೊಡನೆ ಮೊದಲು ಮಾಡುವ ಕೆಲಸ ಪರಸ್ಪರ ಅಂಕ ಕೊಡುವುದು. ಎದುರಿನವರ ಮಾತು ಎಷ್ಟು ಸ್ಪಷ್ಟವಾಗಿ ತಿಳಿಯುತ್ತಿದೆ ಎಂಬುದಕ್ಕೆ 5ರೊಳಗೆ ಒಂದು ಅಂಕ, ಎಷ್ಟು ಬಲವಾಗಿ ಕೇಳುತ್ತಿದೆ ಎಂಬುದಕ್ಕೆ 9ರೊಳಗೆ ಇನ್ನೊಂದು. ಎರಡರಲ್ಲಿಯೂ ಪೂರ್ಣ ಅಂಕ ಬಂದರೆ ಅದು ‘ಫೈವ್ ನೈನ್’. ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತಾಡಿದಂತೆ ಕೇಳುತ್ತಿದೆ ಎಂದು ಅದರ ಅರ್ಥ. ಮದುವೆಮನೆಯ ಸಾರಿಗೆ ಉಪ್ಪೇ ಬಿದ್ದಿರದಿದ್ದರೂ ‘ಊಟ ಬಹಳ ಚೆನ್ನಾಗಿತ್ತು’ ಎಂದು ಹೇಳಿ ಕೈತೊಳೆಯಲು ಏಳುವ ಜನ ನಾವಾದ್ದರಿಂದ ಈ ಅಂಕವನ್ನು ಧಾರಾಳವಾಗಿಯೇ ಹಂಚುತ್ತೇವೆ. ‘ನಿಮ್ಮ ಸಿಗ್ನಲ್ ಫೈವ್ ನೈನ್, ದಯವಿಟ್ಟು ಹೆಸರು ಇನ್ನೊಮ್ಮೆ ಹೇಳಿ’ ಎಂಬ ವಾಕ್ಯವನ್ನು ಒಬ್ಬರು ನಗದೆ ಹೇಳುವುದನ್ನೂ, ಇನ್ನೊಬ್ಬರು ನಗದೆ ಕೇಳಿಸಿಕೊಳ್ಳುವುದನ್ನೂ ನಾನು ಎಷ್ಟೋ ಸಲ ಕೇಳಿದ್ದೇನೆ.

ನನ್ನ ಮೊದಲ ಸಂಪರ್ಕದಲ್ಲಿ ಈ ಧಾರಾಳ ಸಿಗಲಿಲ್ಲ. ಪರವಾನಗಿ ಬಂದ ವಾರವೇ, ತಾರಸಿಯ ಮೇಲಿನ ನೀರಿನ ಟ್ಯಾಂಕಿನಿಂದ ಎದುರಿನ ಕಂಬಕ್ಕೆ ತಂತಿ ಎಳೆದು, 7 ಮೆಗಾಹರ್ಟ್ಸ್‌ನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಸಾಲುಗಳನ್ನು ನಡುಗುವ ದನಿಯಲ್ಲಿ ಒಪ್ಪಿಸಿದೆ. ಉತ್ತರ ಕೊಟ್ಟವರು ಹಿರಿಯರು. ‘ತ್ರೀ ಫೋರ್’ ಎಂದು ಅಂಕ ಕೊಟ್ಟು, ನನ್ನ ಹೆಸರನ್ನು ಕೇಳುವುದಕ್ಕೂ ಮೊದಲು, ‘ರಿಗ್ ಕಟ್ಟಿದ್ದೋ, ಕೊಂಡದ್ದೋ?’ ಎಂದು ಕೇಳಿದರು. ರಿಗ್ ಎಂದರೆ ರೇಡಿಯೊ ಸೆಟ್ಟು. ಕೊಂಡದ್ದು ಎಂದೆ. ‘ಹಾಗೇನು’ ಎಂದರು. ಆ ‘ಹಾಗೇನು’ ಮಾತ್ರ ನನಗೆ ಪೂರ್ಣ ಫೈವ್ ನೈನ್ ಆಗಿ ಕೇಳಿಸಿತು.

ಅವರು ನನ್ನ ಅಂತಸ್ತನ್ನು ಅಳೆಯುವುದಕ್ಕೆ ಪ್ರಶ್ನೆ ಕೇಳುವ ಅಗತ್ಯವೂ ಇರಲಿಲ್ಲ. ನಾನು ಪರೀಕ್ಷೆ ಬರೆದ ಕಾಲದ ನಿಯಮದಂತೆ ನಮ್ಮ ದೇಶದಲ್ಲಿ ಚುಕ್ಕೆ, ಗೀಟುಗಳ ಮೋರ್ಸ್ ಸಂಕೇತವನ್ನು ನಿಮಿಷಕ್ಕೆ 8 ಪದಗಳ ವೇಗದಲ್ಲಿ ಕಳಿಸಿ, ಸ್ವೀಕರಿಸಿ ತೇರ್ಗಡೆಯಾದವರಿಗೆ ಜನರಲ್ ಗ್ರೇಡ್ ಪರವಾನಗಿ. ಅದರ ಗೋಜಿಗೆ ಹೋಗದ ನನ್ನಂಥವರಿಗೆ ರಿಸ್ಟ್ರಿಕ್ಟೆಡ್ ಗ್ರೇಡ್. ಗಾಳಿಯಲ್ಲಿ ಹೇಳಿಕೊಳ್ಳುವ ಗುರುತಾದ ಕಾಲ್‌ಸೈನ್ ಮೊದಲನೆಯವರದು ವಿಯು2 ಎಂದು ಆರಂಭವಾದರೆ ಎರಡನೆಯವರದು ವಿಯು3 ಎಂದು. ಹೀಗಾಗಿ ಬಾಯಿಬಿಟ್ಟ ಮೊದಲ ಅರೆಗಳಿಗೆಯಲ್ಲೇ, ಗೋತ್ರ ಪ್ರವರ ಹೇಳಿ ಅಭಿವಾದನ ಮಾಡುವ ವಟುವಿನಂತೆ, ನಮ್ಮ ಮೂಲವೆಲ್ಲ ಬಯಲಾಗುತ್ತದೆ. ಸರ್ಕಾರ ಕೇವಲ ಗುರುತಿಗಾಗಿ ಇಟ್ಟ ಅಂಕಿಯನ್ನು ಪಂಕ್ತಿಭೇದಕ್ಕೆ ಬಳಸಿಕೊಳ್ಳುವ ಜಾಣ್ಮೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಮಾಷೆಯೆಂದರೆ, ‘ಹ್ಯಾಮ್’ ಎಂಬ ಹೆಸರೇ ಒಂದು ಕಾಲದ ಬೈಗುಳ. ತಂತಿ ಕಚೇರಿಯ ವೃತ್ತಿನಿರತರು ಕೀಲಿ ಒತ್ತಲು ಸರಿಯಾಗಿ ಬಾರದ ಒರಟುಗೈಯವನನ್ನು ಹೀಗೆ ಕರೆದು ನಗುತ್ತಿದ್ದರು; ಆಮೇಲೆ ಮನೆಯಲ್ಲಿ ಕುಳಿತು ವಿದ್ಯುತ್ ಕಿಡಿ ಹಾರಿಸಿ ಸಂಕೇತ ಕಳಿಸುತ್ತಿದ್ದ ಹವ್ಯಾಸಿಗಳಿಗೂ ಅದು ಅಂಟಿಕೊಂಡಿತು, ಅವರು ಅದನ್ನೇ ಬಿರುದು ಮಾಡಿಕೊಂಡರು. ಅಮೆರಿಕದ 1912ರ ಕಾಯಿದೆ ಈ ಉಪದ್ರವಿಗಳನ್ನು 200 ಮೀಟರು ಮತ್ತು ಅದಕ್ಕಿಂತ ಚಿಕ್ಕ ತರಂಗಗಳಿಗೆ ಅಟ್ಟಿತು. ದೂರ ಹೋಗಬೇಕಾದರೆ ಉದ್ದದ ತರಂಗಗಳೇ ಬೇಕು, ಈ ಚಿಕ್ಕವು ಯಾವ ಕೆಲಸಕ್ಕೂ ಬಾರದವು ಎಂಬುದು ಅಂದಿನ ತಜ್ಞರ ನಂಬಿಕೆಯಾಗಿತ್ತು. ಮನೆಯ ಹಿತ್ತಿಲಿನ ಬರಡು ಮೂಲೆಯನ್ನು ಪಾಲಿಗೆ ಕೊಟ್ಟಂತೆ ಕೊಟ್ಟ ಆ ಜಾಗದಿಂದಲೇ 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್ ಎಂಬ ಹವ್ಯಾಸಿ ಸುಮಾರು 110 ಮೀಟರ್ ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗಿದ್ದ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಜ್ ಎಂಬ ಹವ್ಯಾಸಿಗಳೊಂದಿಗೆ ಉಭಯ ಸಂಭಾಷಣೆ ನಡೆಸಿಬಿಟ್ಟ. ಬರಡು ಮೂಲೆಯಲ್ಲಿ ಹೊನ್ನು ಸಿಕ್ಕಿತೆಂದು ತಿಳಿದ ಮೇಲೆ ದೊಡ್ಡವರೆಲ್ಲ ಅಲ್ಲಿಗೇ ಬಂದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಹೀಯಾಳಿಕೆ ಉಂಡು ಬೆಳೆದ ಕುಲಕ್ಕೆ ಇನ್ನೊಬ್ಬರನ್ನು ಹೀಯಾಳಿಸುವ ಮನಸ್ಸು ಬರಬಾರದಿತ್ತು. ಆದರೆ ಕಾಟ ಅನುಭವಿಸಿದ ಸೊಸೆಯೇ ಅತ್ತೆಯಾದಾಗ ಹೆಚ್ಚು ಬಿಗಿಯಾಗುವುದು ಎಲ್ಲರ ಮನೆಯಲ್ಲೂ ಕಂಡ ಸಂಗತಿ. ಕಿಡಿಯ ಕಾಲದವರು ವಾಲ್ವಿನವರನ್ನು ನೋಡಿ ಮೂಗು ಮುರಿದರು. 1950ರ ದಶಕದಲ್ಲಿ ದನಿ ಕಳಿಸುವ ಹೊಸ ವಿಧಾನವಾದ ಸಿಂಗಲ್ ಸೈಡ್‌ಬ್ಯಾಂಡ್ ಬಂದಾಗ, ಹಳೆಯ ಎಎಂ ವಿಧಾನದ ಸೆಟ್ಟಿನಲ್ಲಿ ಅದು ಬಾತುಕೋಳಿ ಗೊರಗುಟ್ಟಿದಂತೆ ಕೇಳುತ್ತಿದ್ದುದರಿಂದ, ಇದೂ ಒಂದು ಮನುಷ್ಯರ ಮಾತೇ ಎಂದು ಎಎಂ ಮಂದಿ ಹಂಗಿಸಿದರು. ಇಂದು ಆ ಬಾತುಕೋಳಿಯ ವಂಶದವರೇ ಶುದ್ಧ ಸಂಪ್ರದಾಯಸ್ಥರು. ಕಿರುತರಂಗದ ಪರವಾನಗಿಗೆ ಮೋರ್ಸ್ ಕಡ್ಡಾಯವಾಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು 2003ರಲ್ಲಿ ಕೈಬಿಟ್ಟು, ಆಯಾ ದೇಶದ ಇಷ್ಟಕ್ಕೆ ಬಿಟ್ಟಾಗ, ಅಮೆರಿಕ 2007ರಲ್ಲಿ ಅದನ್ನು ಪೂರ್ತಿ ತೆಗೆದುಹಾಕಿದಾಗ, ಹವ್ಯಾಸವೇ ಮುಳುಗಿತೆಂದು ಗೋಳಾಡಿದವರು ಅನೇಕರು. ಕಟ್ಟ ಕಡೆಗೆ 2017ರಲ್ಲಿ ಎಫ್‌ಟಿ8 ಬಂದಿತು. ಹದಿನೈದು ಸೆಕೆಂಡಿಗೊಮ್ಮೆ ಸರದಿಯಂತೆ ಎರಡು ಕಂಪ್ಯೂಟರುಗಳು ಕಾಲ್‌ಸೈನ್ ಮತ್ತು ಅಂಕವನ್ನು ವಿನಿಮಯ ಮಾಡಿಕೊಳ್ಳುವ, ಕಿವಿಗೆ ಬರಿಯ ಗೊರಗೊರ ಎನಿಸುವ ಸದ್ದಿನೊಳಗಿನಿಂದಲೂ ಸಂದೇಶವನ್ನು ಹೆಕ್ಕಿ ತೆಗೆಯುವ ಈ ವಿಧಾನವನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು 1993ರ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್; ಅವರೇ ಹಳೆಯ ಹ್ಯಾಮ್ ಕೂಡ. ಆದರೇನು, ‘ಅದು ರೇಡಿಯೊ ಅಲ್ಲ, ಗುಮಾಸ್ತಗಿರಿ’ ಎಂದು ಅಪ್ಪಣೆ ಕೊಡಿಸುವವರ ಎದುರು ನೊಬೆಲ್ ಯಾವ ಲೆಕ್ಕ? ಈ ಅಪ್ಪಣೆಯನ್ನು ನಾನೂ ಕೊಡಿಸಿದ್ದೇನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಒಳಿತು. ಮೋರ್ಸ್ ಬಾರದವನು ಎಂದು ನನ್ನನ್ನು ಕೆಳಗೆ ಕೂರಿಸಿದವರ ಮೇಲಿನ ಸೇಡನ್ನು ನನಗಿಂತ ಕೆಳಗೆ ಕೂರಿಸಲು ಸಿಕ್ಕವರ ಮೇಲೆ ತೀರಿಸಿಕೊಂಡೆ.

ಸ್ವಂತ ಕೈಯಿಂದ ಸೆಟ್ಟು ಕಟ್ಟುವವರ ಹಮ್ಮು ಇನ್ನೊಂದು ಬಗೆಯದು, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಸಹ್ಯವಾದದ್ದು, ಏಕೆಂದರೆ ಅದರ ಹಿಂದೆ ಸುಟ್ಟ ಬೆರಳುಗಳಿವೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಸರಳ ಸೆಟ್ಟಿನ ನಕ್ಷೆಯನ್ನು ಹಿಡಿದು ಲೋಕದ ಎಷ್ಟೋ ಮೂಲೆಗಳಲ್ಲಿ ಹ್ಯಾಮ್‌ಗಳು ತಮ್ಮ ಸೆಟ್ಟುಗಳನ್ನು ಕಟ್ಟಿಕೊಂಡಿದ್ದಾರೆ. ತಂತಿ ಸುತ್ತುವ ದುಬಾರಿ ಟೊರಾಯ್ಡ್ ಬಳೆಗಳು ಸಿಗದ ಕಡೆ, ನಲ್ಲಿಗೆ ಹಾಕುವ ವಾಷರ್ ಮೇಲೆ ತಂತಿ ಸುತ್ತಿದರೂ ನಡೆಯುತ್ತದೆ ಎಂಬ ಅದರ ಇದ್ದುದರಲ್ಲೇ ನಡೆಸುವ ಗುಣ ನನಗೆ ಬಹಳ ಹಿಡಿಸುತ್ತದೆ. ಇವರು ನಕ್ಷೆಯನ್ನು ಯಾರು ಕೇಳಿದರೂ ಕೊಡುತ್ತಾರೆ, ಗಂಟೆಗಟ್ಟಲೆ ವಿವರಿಸುತ್ತಾರೆ. ಪೆಟ್ಟಿಗೆ ಕೊಂಡು ಸ್ವಿಚ್ ಒತ್ತಿದವನನ್ನು ಮಾತ್ರ ಕ್ಷಮಿಸುವುದಿಲ್ಲ. ಇವರ ಎದುರು ತುದಿಯಲ್ಲಿರುವವರು ‘ಮೊಸಳೆಗಳು’. ಈ ಹೆಸರು ನನ್ನದಲ್ಲ. ಭಾರೀ ಆಂಪ್ಲಿಫೈಯರ್ ಇಟ್ಟುಕೊಂಡು ಲೋಕಕ್ಕೆಲ್ಲ ಕೇಳುವಂತೆ ಕೂಗುವ, ಆದರೆ ಕ್ಷೀಣವಾಗಿ ಉತ್ತರಿಸುವವರನ್ನು ಕೇಳಿಸಿಕೊಳ್ಳಲಾರದವರಿಗೆ, ಬಾಯಿ ದೊಡ್ಡದು ಕಿವಿ ಚಿಕ್ಕದು ಎಂದು ಹ್ಯಾಮ್‌ಗಳೇ ಇಟ್ಟ ಹೆಸರು.

ಇಷ್ಟೆಲ್ಲ ಶ್ರೇಣಿಗಳಿದ್ದರೂ ನಮ್ಮಲ್ಲಿ ಗಂಡಸರಿಗೆಲ್ಲ ಸಂಬೋಧನೆ ಒಂದೇ: ‘ಓಲ್ಡ್ ಮ್ಯಾನ್’, ಹ್ರಸ್ವವಾಗಿ ‘ಓಎಂ’. ಪರವಾನಗಿಗೆ ಬೇಕಾದ ಕನಿಷ್ಠ ವಯಸ್ಸಾದ 12 ತುಂಬಿದ ಹುಡುಗನೂ ಓಎಂ, ಜೆವೈ1 ಎಂಬ ಕಾಲ್‌ಸೈನಿನಿಂದ ಮಾತಾಡುತ್ತಿದ್ದ ಜೋರ್ಡನ್ನಿನ ದೊರೆ ಹುಸೇನರೂ ಓಎಂ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಂತು ಮಾತಾಡಬೇಕೆಂದು ತಿಳಿಯದೆ ಅಪರಿಚಿತರೆದುರು ತೊದಲುವ ಕನ್ನಡಿಗನಿಗೆ ಇದೊಂದು ದೊಡ್ಡ ಬಿಡುಗಡೆ. ಹೆಂಗಸರೆಲ್ಲರೂ, ಎಂಬತ್ತು ದಾಟಿದರೂ, ‘ಯಂಗ್ ಲೇಡಿ’, ಹ್ರಸ್ವವಾಗಿ ‘ವೈಎಲ್’. ಹೆಂಡತಿಗೆ ಮಾತ್ರ ‘ಎಕ್ಸ್‌ವೈಎಲ್’, ಅಂದರೆ ಮಾಜಿ ಯುವತಿ. ಈ ವಿಸ್ತರಣೆಯನ್ನು ಮನೆಯಲ್ಲಿ ವಿವರಿಸಿ ಹೇಳಿದ ರಾತ್ರಿ ಊಟ ನಾನೇ ಬಡಿಸಿಕೊಂಡೆ. ಅಮೆರಿಕದ ಪಾಲ್ ಸೀಗಲ್ 1928ರಲ್ಲಿ ಬರೆದ ಹವ್ಯಾಸಿಗಳ ನೀತಿಸಂಹಿತೆಯಲ್ಲಿಯೂ ಸ್ನೇಹಪರತೆ ಒಂದು ಲಕ್ಷಣ. ಕೇಳಿದಾಗ ನಿಧಾನವಾಗಿ, ತಾಳ್ಮೆಯಿಂದ ಕೀಲಿ ಒತ್ತುವುದು, ಹೊಸಬನಿಗೆ ಸಲಹೆ ಕೊಡುವುದು ಅದರಲ್ಲಿ ಸೇರಿವೆ. ನಿಧಾನವನ್ನು ಸ್ನೇಹದ ಗುರುತಾಗಿ ಹೇಳಿರುವುದು ನನಗೆ ತುಂಬ ಸರಿಯೆನಿಸುತ್ತದೆ, ಏಕೆಂದರೆ ವೇಗವೇ ಪ್ರತಿಷ್ಠೆಯಾಗಿರುವ ಕಡೆ ಇನ್ನೊಬ್ಬನಿಗಾಗಿ ನಿಧಾನಿಸುವುದೆಂದರೆ ಕಿರೀಟವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟಂತೆ.

ಅಪರೂಪದ ನೆಲೆಗಳೊಂದಿಗಿನ ಸಂಪರ್ಕವನ್ನು ಬೇಟೆಯಾಡಿ ಪಟ್ಟಿ ಬೆಳೆಸುವವರೇ ಈ ಹವ್ಯಾಸದ ಪರಮ ಶ್ರೀಮಂತರು. ಅಂಡಮಾನ್ ಅಂಥದೊಂದು ಅಪರೂಪ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್‌ಬ್ಲೇರಿನಿಂದ ವಿಯು4ಆರ್‌ಬಿಐ ಎಂದು ಕರೆ ಕೊಟ್ಟಾಗ, ಲೋಕದ ಬೇಟೆಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಬಂದು ಅಲ್ಲಿನ ಸಂಪರ್ಕವೆಲ್ಲ ಕಡಿದಾಗ, ಅದೇ ಸೆಟ್ಟುಗಳು ದ್ವೀಪದಲ್ಲಿ ಸಿಲುಕಿದವರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸುವ ಕೆಲಸಕ್ಕೆ ತಿರುಗಿದವು.

ನನಗೆ ತ್ರೀ ಫೋರ್ ಕೊಟ್ಟ ಹಿರಿಯರು ಮುಂದಿನ ಭಾನುವಾರ, ನಾನು ಕರೆಯದೆಯೇ, ವಿಳಾಸ ಕೇಳಿಕೊಂಡು ಮನೆಗೆ ಬಂದರು. ಕಾಫಿ ಬೇಡವೆಂದು ನೇರವಾಗಿ ತಾರಸಿ ಹತ್ತಿ, ಕೋಆಕ್ಸಿಯಲ್ ಕೇಬಲ್ಲಿನ ತುದಿಯನ್ನು ಹಿಡಿದು ಸ್ವಲ್ಪ ಜಗ್ಗಿದರು. ಕನೆಕ್ಟರು ಕೈಗೆ ಬಂದಿತು. ‘ಡ್ರೈ ಸೋಲ್ಡರ್, ಬೆಸುಗೆ ಕೂತಿಲ್ಲ’ ಎಂದು, ತಂದಿದ್ದ ಕಾವುಗೋಲನ್ನು ಚೀಲದಿಂದ ತೆಗೆದರು. ಅದಕ್ಕೂ ಮೊದಲು ಆ ವಾರವೆಲ್ಲ ನನಗೆ ಫೈವ್ ನೈನ್ ಕೊಟ್ಟ ಸಜ್ಜನರು ಏಳೆಂಟು ಜನ. ಅವರಲ್ಲಿ ಯಾರಿಗೂ ನನ್ನ ಮಾತು ಕೇಳಿಸಿರಲಿಕ್ಕಿಲ್ಲ. ಇಳಿದು ಹೋಗುವಾಗಲೂ ಆ ಮಹನೀಯರು ನನ್ನ ಕೊಂಡ ರಿಗ್ಗಿನ ಕಡೆ ನೋಡಿ ‘ಹ್ಞೂಂ’ ಎಂದದ್ದನ್ನು ನಾನು ಮರೆತಿಲ್ಲ.

ಮೊನ್ನೆ, ಹತ್ತಿರದವರೊಡನೆ ಮಾತಾಡಲು ಬಳಸುವ ವಿಎಚ್‌ಎಫ್ ತರಂಗದಲ್ಲಿ ಎಳೆಯ ದನಿಯೊಂದು ನನ್ನನ್ನು ಕರೆಯಿತು. ಹದಿನಾಲ್ಕು ವರ್ಷದ ಹುಡುಗ, ಹೊಸ ವಿಯು3. ಹೆಸರು ಕೇಳುವುದಕ್ಕೂ ಮೊದಲು, ನನ್ನ ಬಾಯಿಂದ ತಾನಾಗಿಯೇ, ‘ಆಂಟೆನಾ ಯಾವುದು?’ ಎಂಬ ಪ್ರಶ್ನೆ ಬಿದ್ದಿತ್ತು. ‘ಡಬ್ಬದಲ್ಲಿ ಬಂದದ್ದೇ, ಅಂಕಲ್’ ಎಂದ. ಓಎಂ ಎನ್ನುವುದು ಅವನಿಗಿನ್ನೂ ರೂಢಿಯಾಗಿರಲಿಲ್ಲ. ಚೀನಾದ ಕೈಸೆಟ್ಟು, ಅದರ ಗಿಡ್ಡ ರಬ್ಬರ್ ಕಡ್ಡಿ. ಫೋರ್ ಫೈವ್ ಎಂದೆ. ಒಂದು ಗಳಿಗೆ ಬರಿಯ ಗೊರಗೊರ ಸದ್ದು. ‘ಒಂಬತ್ತಕ್ಕೆ ಐದಾ, ಅಂಕಲ್? ಹಾಗಾದರೆ ಪಾಸು’ ಎಂದ. ತಾಮ್ರದ ತಂತಿ ನನ್ನಲ್ಲಿ ಸ್ವಲ್ಪ ಉಳಿದಿದೆ, ಭಾನುವಾರ ಮನೆಯಲ್ಲಿರುತ್ತೀಯಾ ಎಂದು ಕೇಳಿದೆ. ‘ಕಾಪಿ ಆಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದ. ನನಗೆ ಅವನು ಕೊಟ್ಟಿದ್ದ ಅಂಕ ಫೈವ್ ನೈನ್.