ಯಾರೂ ಗಮನಿಸಲ್ಲ ಅನ್ನೋದನ್ನ ಒಪ್ಪೋಕಾಗಲ್ಲ

ದೊಡ್ಡ ಸರ್ಕಾರಿ ವಿವಿಲಿ ಹುಡುಗ್ರನ್ನ ಯಾರೂ ಗಮನಿಸಲ್ಲ, ಸಣ್ಣ ಖಾಸಗಿ ವಿವಿಲಿ ಒಬ್ಬೊಬ್ಬರನ್ನೂ ನೋಡ್ಕೋತಾರೆ ಅಂತ ಬರ್ದಿದೀರಲ್ಲ ಸರ್, ಎಂಎ ಮಾಡೋರಿಗೆ ಈ ಮಾತು ಹೊಂದಲ್ಲ. ನಾನು ಮೈಸೂರು ವಿವಿಯ ಮಾನಸಗಂಗೋತ್ರಿ ಕ್ಯಾಂಪಸ್ಸಲ್ಲಿ ಓದ್ದೋನು, ವಿವಿ ಎಷ್ಟೇ ದೊಡ್ಡದಿರ್ಲಿ ನಾವು ದಿನಾ ಇರೋದು ಒಂದು ಡಿಪಾರ್ಟ್‌ಮೆಂಟಲ್ಲಿ, ಒಂದೆರಡು ದಿನ ಕ್ಲಾಸಿಗೆ ಹೋಗ್ಲಿಲ್ಲ ಅಂದ್ರೆ ಮೇಷ್ಟ್ರು ಹಾಸ್ಟೆಲ್‌ಗೆ ಹೇಳಿಕಳಿಸ್ತಿದ್ರು. 1916ರಲ್ಲಿ ಶುರುವಾದ ಈ ವಿವಿಲಿ ಬೆಳೆದು ಬಂದಿರೋ ಲೈಬ್ರರಿ, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಇರೋ ಪ್ರಾಚ್ಯವಿದ್ಯಾ ಸಂಶೋಧನಾಲಯ, ಇದನ್ನೆಲ್ಲ ಮೊನ್ನೆ ಮೊನ್ನೆ ಶುರುವಾದ ಕ್ಯಾಂಪಸ್ ಎಲ್ಲಿಂದ ತರುತ್ತೆ? ಖಾಲಿ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಮೇಲೇ ಭಾರ ಹಾಕಿರೋದು ಸರ್ಕಾರಿ ವಿವಿಗಳ ನಿಜವಾದ ರೋಗ, ಅದನ್ನ ದಯವಿಟ್ಟು ಬರೀರಿ. ಅಪ್ಪ ಅಮ್ಮ ಸಾಲ ಮಾಡಿ ಖಾಸಗಿಗೆ ಫೀಸು ಕಟ್ಟೋ ಮುಂಚೆ, ಆ ಸಬ್ಜೆಕ್ಟಿಗೆ ಪರ್ಮನೆಂಟ್ ಮೇಷ್ಟ್ರು ಎಷ್ಟು ಜನ ಇದಾರೆ ಅಂತ ಎರಡೂ ಕಡೆ ಹೋಗಿ ಕೇಳ್ಲಿ.